ಮೆಂಬ್ರೇನ್ ನಡುಗಿಸಿದರೆ ನೀರು ಜಾಸ್ತಿ ಬರುತ್ತಾ?

ಹಾಲೋ ಫೈಬರ್ ಮೆಂಬ್ರೇನ್‌ಗೆ (ಅಂದರೆ ಸಣ್ಣ ಸಣ್ಣ ರಂಧ್ರ ಇರೋ ಟೊಳ್ಳು ಎಳೆಗಳ ಸೋಸುಗಕ್ಕೆ) ವೈಬ್ರೇಟರ್ ಕಟ್ಟೋ ಪ್ರಶ್ನೆ ಪದೇ ಪದೇ ಬರ್ತಾ ಇದೆ. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ಹರಿಹರದ ಹತ್ತಿರ ನಮ್ಮದು ಕುಸುಬಲಕ್ಕಿ ಮಿಲ್. ಭತ್ತ ನೆನೆಸಿದ ನೀರು ಸೋಸೋಕೆ ಹಾಲೋ ಫೈಬರ್ ಯುಎಫ್ (ಅಲ್ಟ್ರಾಫಿಲ್ಟ್ರೇಶನ್) ಹಾಕಿದ್ದೇವೆ. ಸ್ವಲ್ಪ ಹೊತ್ತಿಗೇ ನೀರು ಕಮ್ಮಿ ಆಗುತ್ತೆ. ಹೌಸಿಂಗ್ (ಎಳೆಗಳನ್ನ ಕೂರಿಸಿರೋ ಕೊಳವೆ) ಹೊರಗೆ ವೈಬ್ರೇಟರ್ ಮೋಟರ್ ಕಟ್ಟಿಸಿ ಅಂತ ಏಜೆಂಟರು ಹೇಳ್ತಿದ್ದಾರೆ. ಕಟ್ಟಿಸಲಾ ಸರ್?

ಬೇಡ. ಮುಚ್ಚಿದ ಹೌಸಿಂಗ್ ತುಂಬಾ ನೀರಿರುತ್ತೆ. ಹೊರಗಿಂದ ನಡುಗಿಸಿದರೆ ಎಳೆಯೂ ನೀರೂ ಒಟ್ಟಿಗೇ ನಡುಗುತ್ತವೆ, ಎಳೆಯ ಮೈ ಮೇಲೆ ಉಜ್ಜಾಟ ಹೆಚ್ಚೇನೂ ಆಗಲ್ಲ. ಬಟ್ಟೆ ಜಾಲಿಸುವಾಗ ಆಡಿಸೋದು ಬಟ್ಟೆಯನ್ನು, ಬಕೆಟನ್ನಲ್ಲ ಅಲ್ವಾ?

ಕಂಪನದಿಂದ ಲಾಭ ಖಂಡಿತ ಇದೆ, ಆದರೆ ಅದು ತೆರೆದ ತೊಟ್ಟಿಯಲ್ಲಿ ಮುಳುಗಿಸಿದ ಎಳೆಗಳಿಗೆ. ಅಲ್ಲಿ ಎಳೆಗಳ ಚೌಕಟ್ಟು ಆಡುತ್ತೆ, ನೀರು ಇದ್ದಲ್ಲೇ ಇರುತ್ತೆ. ಸೆಕೆಂಡಿಗೆ 10 ಸಲ ಆಡಿಸಿದರೆ ಎಳೆಯ ಜೊತೆ ಎಳೆದಾಡುವ ನೀರಿನ ಪದರ ಸುಮಾರು 0.2 ಮಿಲಿಮೀಟರ್ ದಪ್ಪ ಅಷ್ಟೇ. ಪಿಷ್ಟ, ತೌಡಿನ ಕಣ ಬಂದು ಕೂರೋದು ಆ ಜಾಗದಲ್ಲೇ, ಉಜ್ಜಾಟ ಬೀಳೋದೂ ಅಲ್ಲೇ. ತೊಟ್ಟಿಯ ನೀರನ್ನೆಲ್ಲ ಪಂಪಿನಿಂದ ಓಡಿಸೋ ಕೆಲಸ ತಪ್ಪುತ್ತೆ.

ಎಳೆಯ ಉದ್ದಕ್ಕೆ ಮೇಲೆ ಕೆಳಗೆ ಎಳೆಯೋದಕ್ಕಿಂತ ಅಡ್ಡಡ್ಡ ಆಡಿಸೋದು ಸಾಮಾನ್ಯವಾಗಿ ಒಳ್ಳೇದು, ಎಳೆಯ ಹಿಂದೆ ಸುಳಿ ಏಳುತ್ತೆ. ಎಳೆ ಬಿಗಿಯಾಗಿ ಇರಬಾರದು, ಚೂರು ಸಡಿಲ ಇದ್ದರೆ ತಾನೂ ಬಳುಕಿ ಪಕ್ಕದ ಎಳೆಗಳಿಂದ ಬಿಡಿಸಿಕೊಳ್ಳುತ್ತೆ. ಆಡೋ ದೂರ ಅಷ್ಟೇ ಇಟ್ಟು, ಸೆಕೆಂಡಿಗೆ ಎಷ್ಟು ಸಲ ಅನ್ನೋದನ್ನ ಎರಡು ಪಟ್ಟು ಮಾಡಿದರೆ ಉಜ್ಜಾಟ ಸುಮಾರು 2.8 ಪಟ್ಟಾಗುತ್ತೆ, ಅದನ್ನೇ ಎಲ್ಲರೂ ಹೇಳ್ತಾರೆ, ಆದರೆ ಚೌಕಟ್ಟಿನ ಮೇಲೆ ಬೀಳೋ ಬಲ 4 ಪಟ್ಟಾಗುತ್ತೆ ಅನ್ನೋದನ್ನ ಮಾರೋರು ಯಾರೂ ಹೇಳಲ್ಲ. ಎಳೆ ತುಂಡಾಗೋದು ಸಾಮಾನ್ಯವಾಗಿ ನಡುವಲ್ಲಲ್ಲ, ತುದಿಯಲ್ಲಿ, ಎಳೆ ಹಿಡಿದಿರೋ ಎಪಾಕ್ಸಿ ಅಂಟು ಮುಗಿದು ಎಳೆ ಹೊರಗೆ ಬರೋ ಜಾಗದಲ್ಲಿ. ತುಂಡಾಗಿದೆಯಾ ಅಂತ ನೋಡೋಕೆ ಮಾಡ್ಯೂಲ್ (ಎಳೆಗಳ ಕಟ್ಟು) ನೀರಲ್ಲಿ ಮುಳುಗಿಸಿ ಎಳೆಯೊಳಗೆ ಸಣ್ಣ ಒತ್ತಡದ ಗಾಳಿ ಬಿಡಿ. ತುಂಡಾದ ಕಡೆಯಿಂದ ಗುಳ್ಳೆಗಳು ಸಾಲಾಗಿ ಮೇಲೆ ಬರುತ್ತವೆ. ಎಳೆ ತುಂಡಾಗೋ ಭಯಕ್ಕೇ ನಾನು ಕಮ್ಮಿ ವೇಗ, ನಡುನಡುವೆ ನಿಲ್ಲಿಸಿ ಆಡಿಸೋದು, ಇಷ್ಟನ್ನೇ ಒಪ್ಪೋದು. ಇದಕ್ಕಿಂತ ಮುಂದೆ ಹೋಗೋಕೆ ನನಗೆ ಧೈರ್ಯ ಇಲ್ಲ.

ಇನ್ನೊಂದು ವಿಷಯ. ದುಡ್ಡು ಹಾಕೋಕೆ ಮೊದಲು ಅಡ್ಡಿ ಎಲ್ಲಿದೆ ಅಂತ ನೋಡಿ. ಮೆಂಬ್ರೇನ್ ಬರೀ ನೀರಲ್ಲಿ ತೊಳೆದು, ಒಳ್ಳೆ ನೀರು ಬಿಟ್ಟು, ಎಷ್ಟು ಬರುತ್ತೆ ಅಳೆಯಿರಿ. ಹೊಸದರಲ್ಲಿ ಬರ್ತಿದ್ದಷ್ಟೇ ಬಂದರೆ ಅಡ್ಡಿ ಹೊರಗಿನ ಪದರದ್ದು, ಮುಳುಗಿಸಿದ ಎಳೆಗಳನ್ನ ಆಡಿಸೋ ಕಂಪನ ಕೆಲಸ ಮಾಡುತ್ತೆ. ಒಳ್ಳೆ ನೀರೂ ಕಮ್ಮಿ ಬಂದರೆ ರಂಧ್ರದೊಳಗೆ ಕಟ್ಟಿಕೊಂಡಿದೆ, ಇಲ್ಲ ಎಳೆಯ ಮೈಗೆ ಗಟ್ಟಿಯಾಗಿ ಅಂಟಿದೆ. ಆಗ ಬೇಕಾಗಿರೋದು ಕೆಮಿಕಲ್ ವಾಶ್, ಎಷ್ಟು ನಡುಗಿಸಿದರೂ ಅದು ಬಿಡಲ್ಲ. ಮತ್ತೆ ನಿಮ್ಮ ನೀರಲ್ಲಿ ಹೊಟ್ಟು ಇರುತ್ತೆ, ಮೆಂಬ್ರೇನ್ ಸೇರೋಕೆ ಮುಂಚೆ ಒಳ್ಳೆ ಜಾಲರಿ ಹಾಕಿದ್ದೀರಾ? ಅದನ್ನ ಬರೆದೇ ಇಲ್ಲ. ಮೊದಲು ಅದು ಹಾಕಿ.

ಪ್ರಶ್ನೆ: ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ವೈಬ್ರೇಟಿಂಗ್ ಯುಎಫ್ ಹಾಕಿದರೆ ಹೋಗುತ್ತಾ?

ಹೋಗಲ್ಲ. ಫ್ಲೋರೈಡ್ ನೀರಲ್ಲಿ ಕರಗಿರುತ್ತೆ, ಯುಎಫ್ ರಂಧ್ರಕ್ಕೆ ಅದನ್ನ ತಡೆಯೋಕಾಗಲ್ಲ. ಆರ್‌ಒ ನೀರು ಕುಡಿಯಿರಿ, ಪರೀಕ್ಷೆ ಮಾಡಿಸಿ, ಲೀಟರಿಗೆ 1 ಮಿಲಿಗ್ರಾಂ ಒಳಗಿರಲಿ.

ಪ್ರಶ್ನೆ: ಕಂಪನದಿಂದ ನೀರಿನ ಅಣು ಸಣ್ಣದಾಗಿ ದೇಹಕ್ಕೆ ಬೇಗ ಸೇರುತ್ತಂತೆ, ನಿಜವಾ?

ಸುಳ್ಳು. ಇದನ್ನ ಹೇಳಿ ಯಂತ್ರ ಮಾರೋರನ್ನ ಮನೆಯೊಳಗೆ ಬಿಡಬೇಡಿ.

ಪ್ರಶ್ನೆ: ಅಪ್ಪಾಜಿಗೆ ದಾವಣಗೆರೆಯಲ್ಲಿ ಡಯಾಲಿಸಿಸ್ ನಡೀತಿದೆ. ಡಯಲೈಸರ್ (ರಕ್ತ ಸೋಸೋ ಕೊಳವೆ) ಒಳಗೂ ಇದೇ ಥರದ ಎಳೆ ಇರುತ್ತಂತೆ. ಮಸಾಜ್ ಯಂತ್ರ ಹಿಡಿದರೆ ರಕ್ತ ಬೇಗ ಶುದ್ಧ ಆಗುತ್ತಾ?

ದಯವಿಟ್ಟು ಮುಟ್ಟಬೇಡಿ. ಟೆಕ್ನಿಶಿಯನ್ ಶುರು ಮಾಡೋಕೆ ಮುಂಚೆ ಅದನ್ನ ತಟ್ಟೋದು ಒಳಗಿನ ಗಾಳಿ ಹೊರಗೆ ಹಾಕೋಕೆ. ರಕ್ತ ಹರಿಯುವಾಗ ಎಳೆ ಒಡೆದರೆ ರಕ್ತ ಸೋರುತ್ತೆ. ಶುದ್ಧಿ ಸಾಲದು ಅನಿಸಿದರೆ ಡಾಕ್ಟರ ಹತ್ತಿರ ಸಮಯದ ಬಗ್ಗೆ, ರಕ್ತದ ಹರಿವಿನ ಬಗ್ಗೆ ಕೇಳಿ.