‘ಎತ್ತಿಕೊಂಡರೆ ಮಗಳು ಅಳುತ್ತಾಳೆ, ನಾನು ಅಪ್ಪನಾಗೋಕೆ ಲಾಯಕ್ಕಾ?’

ಪ್ರಶ್ನೆ: ಮೇಡಂ, ನನಗೆ 22 ವರ್ಷ. ಹಾಸನದಲ್ಲಿ ಬೈಕ್ ಮೆಕ್ಯಾನಿಕ್. ಹೆಂಡತಿ ಬಾಣಂತನಕ್ಕೆ ಕಡೂರಿನ ತವರಲ್ಲಿದ್ದಾಳೆ. ಮಗಳಿಗೆ ಆರು ವಾರ. ಭಾನುವಾರ ಹೋಗಿ ಎತ್ತಿಕೊಂಡರೆ ಕಿರುಚಿ ಅಳುತ್ತಾಳೆ, ಅತ್ತೆ ತಕ್ಷಣ ಇಸಿದುಕೊಳ್ಳುತ್ತಾರೆ. ಜೊತೆಯ ಹುಡುಗರು ಮುಳ್ಳಯ್ಯನಗಿರಿಗೆ ಹೋದ ಫೋಟೊ ನೋಡಿದರೆ ಸಂಕಟ ಆಗುತ್ತದೆ. ಮಗಳ ಮೇಲೆ ನನಗೆ ಪ್ರೀತಿಯೇ ಹುಟ್ಟಿಲ್ಲವೇನೋ ಅಂತ ಭಯ. ಯಾರ ಹತ್ತಿರವೂ ಹೇಳಿಲ್ಲ.

– ಬೇಲೂರು ತಾಲ್ಲೂಕಿನ ಓದುಗ

ಉತ್ತರ (ಮಕ್ಕಳ ವೈದ್ಯೆ): ಪ್ರೀತಿ ಇಲ್ಲದವರು ಹೀಗೆ ಭಯಪಟ್ಟು ಪತ್ರ ಬರೆಯುವುದಿಲ್ಲ.

ಮೊದಲು ಅಳುವಿನ ವಿಷಯ. ಹುಟ್ಟಿದ ಎರಡನೇ ವಾರದಿಂದ ಮಕ್ಕಳ ಅಳು ಏರುತ್ತಾ ಹೋಗಿ, ಸುಮಾರು ಆರನೇ ವಾರಕ್ಕೆ ತುದಿ ಮುಟ್ಟುತ್ತದೆ. ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ಇಳಿಯುತ್ತದೆ. ನೀವು ಹೋಗುತ್ತಿರುವುದು ಸರಿಯಾಗಿ ಆ ಹೊತ್ತಿಗೆ. ಅವಳು ನಿಮ್ಮನ್ನು ಒಲ್ಲೆ ಅನ್ನುತ್ತಿಲ್ಲ.

ನನ್ನ ಹತ್ತಿರ ಬರುವ ಎಳೆ ವಯಸ್ಸಿನ ಅಪ್ಪಂದಿರು ಬ್ಯಾಗ್ ಹಿಡಿದು ಬಾಗಿಲ ಹೊರಗೇ ನಿಲ್ಲುತ್ತಾರೆ. ಮಗು ಹಾಲು ಕುಡಿಯುತ್ತಾ ಅಂತ ಕೇಳಿದರೆ ಅತ್ತೆಯ ಕಡೆ ಕೈ ತೋರಿಸುತ್ತಾರೆ. ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಬಾಣಂತಿ ಕೋಣೆಯಿಂದ ಗಂಡಸರನ್ನು ದೂರ ಇಡುವ ನಮ್ಮ ಪದ್ಧತಿ ಅಪ್ಪ ಕಲಿಯಬೇಕಾದ ತಿಂಗಳುಗಳನ್ನೇ ಕಿತ್ತುಕೊಳ್ಳುತ್ತದೆ. ಕಾರ್ಬೊರೇಟರ್ ಬಿಚ್ಚುವುದನ್ನು ನೀವು ದೂರ ನಿಂತು ಕಲಿಯಲಿಲ್ಲ ತಾನೆ?

ಮುಂದಿನ ಭಾನುವಾರ ಹೀಗೆ ಮಾಡಿ. ಗ್ರೀಸ್ ಹೋಗುವ ಹಾಗೆ, ಉಗುರ ಸಂದಿಯನ್ನೂ ಬಿಡದೆ ಸೋಪಿನಲ್ಲಿ ಕೈ ತೊಳೆಯಿರಿ. ಅಂಗಿ ಬಿಚ್ಚಿ ಒರಗಿ ಕೂತು, ಒಂದು ಅಂಗೈ ಕುತ್ತಿಗೆ ತಲೆಗೆ, ಇನ್ನೊಂದು ಅಂಡಿಗೆ ಕೊಟ್ಟು, ಬರೀ ಮೈಯ ಕೂಸನ್ನು ಎದೆಗೆ ಒರಗಿಸಿಕೊಳ್ಳಿ. ಮುಖ ಒಂದು ಪಕ್ಕಕ್ಕಿರಲಿ, ಬೆನ್ನ ಮೇಲೆ ಹೊದಿಕೆ ಇರಲಿ. ಐದು ನಿಮಿಷ ಅತ್ತರೂ ಗಾಬರಿ ಬೇಡ. ‘ಅತ್ತೆ, ಸ್ವಲ್ಪ ಹೊತ್ತು ನನ್ನ ಹತ್ತಿರ ಇರಲಿ’ ಅನ್ನಿ. ಹಾಲು ಕುಡಿದ ಮೇಲೆ ತೇಗು ಬರಿಸುವುದು, ಬಟ್ಟೆ ಬದಲಿಸುವುದು ನಿಮ್ಮ ಪಾಲಿನ ಕೆಲಸವಾಗಲಿ. ಅಳು ಸಹಿಸಲಾಗದೆ ಸಿಟ್ಟು ಬಂದರೆ ಮಗುವನ್ನು ಅಂಗಾತ ಮಲಗಿಸಿ, ಮನೆಯವರನ್ನು ಕರೆದು ಹೊರಗೆ ಹೋಗಿ ಬನ್ನಿ. ಯಾವ ಕಾರಣಕ್ಕೂ ಕೂಸನ್ನು ಹಿಡಿದು ಅಲುಗಾಡಿಸಬೇಡಿ, ಮೆದುಳಿಗೆ ಪೆಟ್ಟಾಗುತ್ತದೆ.

ಗೆಳೆಯರ ಫೋಟೊ ನೋಡಿ ಸಂಕಟ ಆಗುವುದು ತಪ್ಪೇನಲ್ಲ, 22ಕ್ಕೆ ಯಾರಿಗಾದರೂ ಆಗುತ್ತದೆ. ಅದನ್ನು ಹೆಂಡತಿಗೇ ಹೇಳಿ. ನಿದ್ದೆಗೆಟ್ಟಿರುವ ಅವಳಿಗೂ ಹೇಳಿಕೊಳ್ಳಲು ಏನಾದರೂ ಇದ್ದೀತು. ಇಬ್ಬರಲ್ಲಿ ಯಾರಿಗೇ ಆಗಲಿ ಎರಡು ವಾರ ದಾಟಿದರೂ ಮಂಕು, ಅಳು, ಯಾವುದೂ ಬೇಡ ಅನ್ನಿಸುವುದು ಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅಪ್ಪಂದಿರಿಗೂ ಖಿನ್ನತೆ ಬರುತ್ತದೆ.

ಮುಂದಿನ ಬಸುರಿಗೆ ಎರಡು ವರ್ಷವಾದರೂ ಅಂತರವಿರಲಿ. ಬಸುರಿ ತಡೆಯುವ ಕಾಪರ್-ಟಿ, ಅಂತರಾ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುತ್ತವೆ, ಇಬ್ಬರೂ ಒಟ್ಟಿಗೆ ಹೋಗಿ ವಿಚಾರಿಸಿ.

ಆರನೇ ವಾರದ ಲಸಿಕೆ ಹಾಕಿಸಿದ್ದೀರಾ? ಇಲ್ಲವಾದರೆ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ಗ್ಯಾರೇಜಿಗೆ ರಜೆ ಹಾಕಿ. ತೊಡೆಗೆ ಸೂಜಿ ಚುಚ್ಚುವಾಗ ಮಗಳು ನಿಮ್ಮ ತೊಡೆಯ ಮೇಲಿರಲಿ. ತಾಯಿ ಕಾರ್ಡ್ ಮರೆಯಬೇಡಿ.