ಡೈನೊ ಹೆಚ್ಚಿಸಿದರೂ ಆಪ್ ಕೈಕೊಡ್ತಿದೆ, ಯಾಕೆ?

ಪ್ರಶ್ನೆ: ಯಕ್ಷಗಾನದ ಟಿಕೆಟ್ ಮಾರುವ ನಮ್ಮ ರೈಲ್ಸ್ (ವೆಬ್ ಆಪ್ ಕಟ್ಟುವ ಫ್ರೇಮ್‌ವರ್ಕ್) ಆಪ್ ಹೆರೋಕು ಎಂಬ ಕ್ಲೌಡ್ ಸೇವೆಯಲ್ಲಿದೆ. ಟಿಕೆಟ್‌ನ ಪಿಡಿಎಫ್ ಮಾಡಿ, ಮೇಲ್ ಕಳಿಸಿದ ಮೇಲೆ ಪೇಜ್ ತೋರಿಸುತ್ತೇವೆ. ಬುಕಿಂಗ್ ತೆರೆದ ಕೂಡಲೇ ಎಚ್12 (ಸಮಯ ಮೀರಿದೆ ಎಂಬ) ಎರರ್ ಬರುತ್ತಿತ್ತು. ಎರಡಿದ್ದ ವೆಬ್ ಡೈನೊ (ಆಪ್ ಓಡಿಸುವ ಹೆರೋಕು ಕಂಟೇನರ್) ನಾಲ್ಕು ಮಾಡಿದೆ. ಈಗ ಡೇಟಾಬೇಸ್‌ನಿಂದ 'ಟೂ ಮೆನಿ ಕನೆಕ್ಷನ್ಸ್' ಎರರ್ ಕೂಡ ಶುರುವಾಗಿದೆ! ವೆಬ್ ಸರ್ವರ್ ಪ್ಯೂಮಾದಲ್ಲಿ 2 ವರ್ಕರ್ (ಪ್ರೊಸೆಸ್), ತಲಾ 5 ಥ್ರೆಡ್ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆ). ಡೇಟಾಬೇಸ್ ಪೋಸ್ಟ್‌ಗ್ರೆಸ್, ಪ್ಲಾನ್ ಎಸೆನ್ಷಿಯಲ್-0. ಇನ್ನೂ ಡೈನೊ ಹಾಕಬೇಕಾ? ಅಂದಹಾಗೆ, ಅಪ್‌ಲೋಡ್ ಮಾಡಿದ ಪೋಸ್ಟರ್‌ಗಳು ಮರುದಿನ ಇರುವುದಿಲ್ಲ.
– ಒಬ್ಬ ಓದುಗ, ಶಿರಸಿ

ಉತ್ತರ: ಬೇಡ. ಮೊದಲು ಲೆಕ್ಕ ಹಾಕೋಣ. ಒಂದು ಥ್ರೆಡ್‌ಗೆ ಒಂದು ಡೇಟಾಬೇಸ್ ಕನೆಕ್ಷನ್ ಬೇಕು. ಒಂದು ಡೈನೊದಲ್ಲಿ 2 ವರ್ಕರ್, ತಲಾ 5 ಥ್ರೆಡ್ ಅಂದರೆ 10 ಕನೆಕ್ಷನ್. ನಿಮ್ಮ ಪ್ಲಾನ್ ಕೊಡುವುದೇ 20. ಎರಡು ಡೈನೊ ಇದ್ದಾಗಲೇ ಅಂಚಿಗೆ ಬಂದಿತ್ತು. ನಾಲ್ಕಾದಾಗ 40 ಕೇಳುತ್ತಿದೆ, ಎಲ್ಲಿಂದ ಬರಬೇಕು?

ಎಚ್12 ಬೇರೆಯೇ ಕಥೆ. 30 ಸೆಕೆಂಡಿನೊಳಗೆ ಉತ್ತರ ಬರದಿದ್ದರೆ ಹೆರೋಕು ರೌಟರ್ (ಗಿರಾಕಿಯ ಕೋರಿಕೆಯನ್ನು ಡೈನೊಗೆ ತಲುಪಿಸುವ ಭಾಗ) ಕಾಯುವುದನ್ನು ಬಿಡುತ್ತದೆ. ಆದರೆ ಡೈನೊ ಒಳಗೆ ಅದೇ ಕೆಲಸ ಮಾಡ್ತಾನೇ ಇರುತ್ತದೆ! ಎರರ್ ನೋಡಿದ ಗಿರಾಕಿ ಮತ್ತೆ ಒತ್ತುತ್ತಾನೆ. ಒಂದು ಬುಕಿಂಗಿಗೆ ಎರಡು ಪಿಡಿಎಫ್, ಕೆಲವೊಮ್ಮೆ ಎರಡು ಟಿಕೆಟ್. ಸುಮ್ನೆ ಹೊರೆ.

ಪಿಡಿಎಫ್, ಮೇಲ್ ಎರಡನ್ನೂ ಸೈಡ್‌ಕಿಕ್‌ಗೆ (ಹಿನ್ನೆಲೆಯಲ್ಲಿ ಕೆಲಸ ಮಾಡುವ ಟೂಲ್) ಒಪ್ಪಿಸಿ, ಅದಕ್ಕೊಂದು ವರ್ಕರ್ ಡೈನೊ (ಹಿನ್ನೆಲೆ ಕೆಲಸಕ್ಕೇ ಮೀಸಲಾದ ಡೈನೊ) ಕೊಡಿ. ಸೀಟು ಕಾಯ್ದಿಟ್ಟ ತಕ್ಷಣ 'ಟಿಕೆಟ್ ಮೇಲ್‌ಗೆ ಬರುತ್ತದೆ' ಎಂಬ ಪೇಜ್ ತೋರಿಸಿ. ಡೇಟಾಬೇಸ್‌ನಲ್ಲಿ ಆಟ, ಸೀಟು ಎರಡೂ ಸೇರಿದ ಯೂನಿಕ್ ಇಂಡೆಕ್ಸ್ (ಒಂದೇ ಜೋಡಿ ಎರಡು ಸಲ ಸೇರದಂತೆ ತಡೆಯುವ ನಿಯಮ) ಹಾಕಿ, ಆಗ ಒಂದೇ ಸೀಟು ಇಬ್ಬರಿಗೆ ಹೋಗುವುದಿಲ್ಲ. ವೆಬ್ ಡೈನೊ ಎರಡಕ್ಕೇ ಇಳಿಸಿ, ಥ್ರೆಡ್ 3 ಮಾಡಿ. 12 ಕನೆಕ್ಷನ್ ಆಯಿತು. ಸೈಡ್‌ಕಿಕ್‌ಗೆ 4. ಉಳಿದ ನಾಲ್ಕನ್ನು ಮುಟ್ಟಬೇಡಿ. ರೈಲ್ಸ್ ಕನ್ಸೋಲ್ (ಆಪ್‌ಗೆ ನೇರವಾಗಿ ಕಮಾಂಡ್ ಕೊಡುವ ಕಿಟಕಿ) ತೆರೆದರೂ, ಮೈಗ್ರೇಷನ್ (ಡೇಟಾಬೇಸ್ ರಚನೆ ಬದಲಿಸುವ ಕೆಲಸ) ಓಡಿಸಿದರೂ ಒಂದೊಂದು ಕನೆಕ್ಷನ್ ಹೋಗುತ್ತದೆ. ಬುಕಿಂಗ್ ದಿನವೇ ಕನ್ಸೋಲ್ ತೆರೆಯೋದು ಜಾಸ್ತಿ, ಅಲ್ವಾ?

ಇಷ್ಟಾದ ಮೇಲೂ ಸಾಲದಿದ್ದರೆ ಡೇಟಾಬೇಸ್ ಪ್ಲಾನ್ ಏರಿಸಿ. ಸ್ಟ್ಯಾಂಡರ್ಡ್-0ನಲ್ಲಿ 120 ಕನೆಕ್ಷನ್ ಸಿಗುತ್ತದೆ. ಆಮೇಲೆ ಬೇಕಿದ್ದರೆ ಡೈನೊ ಸೇರಿಸಿ. ಬುಕಿಂಗ್ ಮುಗಿದ ರಾತ್ರಿಯೇ ಇಳಿಸಲು ಮರೆಯಬೇಡಿ, ಬಿಲ್ ಸೆಕೆಂಡಿನ ಲೆಕ್ಕದಲ್ಲಿ ಏರುತ್ತದೆ.

ಪೋಸ್ಟರ್ ವಿಷಯ. ಡೈನೊ ದಿನಕ್ಕೊಮ್ಮೆಯಾದರೂ ರೀಸ್ಟಾರ್ಟ್ ಆಗುತ್ತದೆ. ಆಗ ಅದರ ಡಿಸ್ಕಿನಲ್ಲಿ ನೀವು ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ. ಹೊಸ ಕೋಡ್ ಡಿಪ್ಲಾಯ್ ಮಾಡಿದರೂ ಅಷ್ಟೇ. ಆಕ್ಟಿವ್ ಸ್ಟೋರೇಜನ್ನು (ಅಪ್‌ಲೋಡ್ ಫೈಲ್ ನೋಡಿಕೊಳ್ಳುವ ರೈಲ್ಸ್ ಭಾಗ) ಅಮೆಜಾನ್ ಎಸ್3 ಎಂಬ ಕ್ಲೌಡ್ ಫೈಲ್ ಸಂಗ್ರಹದ ಕಡೆ ತಿರುಗಿಸಿ. ಹೋದ ಪೋಸ್ಟರ್‌ಗಳನ್ನು ಮಾತ್ರ ಮತ್ತೆ ಹಾಕಲೇಬೇಕು.