ಮೀನಿಲ್ಲದ ಟ್ಯಾಂಕಿಗೆ 76 ದಿನ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಹುಬ್ಬಳ್ಳಿ ವಿದ್ಯಾನಗರ. ಮನೆಯಲ್ಲಿ ನಾಲ್ಕಡಿಯ ಉಪ್ಪುನೀರಿನ ಟ್ಯಾಂಕ್ ಇದೆ, ಸುಮಾರು 250 ಲೀಟರ್. ಎರಡು ವರ್ಷದಿಂದ ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು ಆರಾಮಾಗಿ ಇದ್ದವು. ಶ್ರಾವಣದಲ್ಲಿ ಮುಂಬೈಯಿಂದ ಬಸ್ ಪಾರ್ಸಲ್‌ನಲ್ಲಿ ಒಂದು ಬ್ಲೂ ಟ್ಯಾಂಗ್ ಮೀನು ತರಿಸಿ, ಬಂದ ದಿನವೇ ಟ್ಯಾಂಕಿಗೆ ಬಿಟ್ಟೆ. ನಾಲ್ಕೈದು ದಿನಕ್ಕೆ ಅದರ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಚುಕ್ಕೆ ಎಲ್ಲಾ ಮಾಯ! ಸದ್ಯ ಗುಣವಾಯಿತು ಅಂದುಕೊಂಡೆವು. ವಾರ ಕಳೆಯುವಷ್ಟರಲ್ಲಿ ನಾಲ್ಕೂ ಮೀನಿಗೆ ಮೈತುಂಬಾ ಚುಕ್ಕೆ, ಪಂಪಿನ ಹತ್ತಿರ ನಿಂತು ಏದುಸಿರು ಬಿಡುತ್ತಿದ್ದವು. ಒಂದೊಂದಾಗಿ ಹೋದವು. ಕೊನೆಯ ಕ್ಲೌನ್ ಗಣೇಶ ಚೌತಿಯ ಮಾರನೇ ದಿನ ಸತ್ತಿತು. ಅಂಗಡಿಯವರು ಒಂದು ನೀಲಿ ಔಷಧಿ ಕೊಟ್ಟಿದ್ದರು, ಸೀಗಡಿ ಸತ್ತೀತು ಅಂತ ಹಾಕಲಿಲ್ಲ. ಈಗ ಒಂದು ಸೀಗಡಿ, ಐದು ಹರ್ಮಿಟ್ ಏಡಿ, ಒಂದಷ್ಟು ಬಸವನಹುಳು ಮಾತ್ರ ಉಳಿದಿವೆ. ಎಲ್ಲಾ ಖಾಲಿ ಮಾಡಿ, ಕಲ್ಲು ಮರಳು ಬಿಸಿನೀರಲ್ಲಿ ಕುದಿಸಿ ತೊಳೆದು ಹೊಸದಾಗಿ ಶುರು ಮಾಡಲೇ? ಇಲ್ಲಾ ಮೊದಲು ಒಂದು ಅಗ್ಗದ ಡ್ಯಾಮ್ಸೆಲ್ ಮೀನು ಬಿಟ್ಟು ನೋಡಲೇ? ಗೆಳೆಯ ಕಾರವಾರದಿಂದ ಕ್ಯಾನಿನಲ್ಲಿ ಸಮುದ್ರದ ನೀರು ತಂದುಕೊಡುತ್ತೇನೆ ಅನ್ನುತ್ತಾನೆ. ಮಗನಿಗೆ ದೀಪಾವಳಿಗೆ ಮತ್ತೆ ಕ್ಲೌನ್ ಮೀನು ಬೇಕಂತೆ.

ಉತ್ತರ: ಎರಡು ವರ್ಷ ಸಾಕಿದ ಜೋಡಿ ಕಣ್ಣೆದುರೇ ಹೋದರೆ ಆಗುವ ಸಂಕಟ ನನಗೆ ಗೊತ್ತು. ನೀವು ಆ ನೀಲಿ ಔಷಧಿ ಹಾಕದೇ ಇದ್ದದ್ದು ಬಹಳ ಒಳ್ಳೇದಾಯಿತು. ಇನ್ನು ಮುಂದೆಯೂ ಆ ಟ್ಯಾಂಕಿಗೆ ಯಾವ ಔಷಧಿಯೂ ಬೇಡ. ತೊಳೆಯುವುದೂ ಬೇಡ. ಮೀನು ಮಾತ್ರ ಬಿಡಬೇಡಿ, 76 ದಿನ.

ಯಾಕೆ 76 ಅಂತ ಹೇಳುತ್ತೇನೆ, ಯಾಕೆಂದರೆ ಕಾರಣ ಗೊತ್ತಿಲ್ಲದೆ ಯಾರಿಗೂ ಇಷ್ಟು ದಿನ ಕಾಯಲು ಆಗುವುದಿಲ್ಲ.

ನೀವು ಬರೆದಿರುವ ಲಕ್ಷಣ ನೋಡಿದರೆ ಇದು ಸಮುದ್ರದ ಮೀನುಗಳ ಬಿಳಿಚುಕ್ಕೆ ರೋಗ. ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶದ ಪರೋಪಜೀವಿ ಇದಕ್ಕೆ ಕಾರಣ. ಅದು ಮೀನಿನ ಚರ್ಮದ ಮೇಲ್ಪದರದ ಒಳಗೆ ಹೊಕ್ಕು 3ರಿಂದ 7 ದಿನ ತಿಂದು ದಪ್ಪಗಾಗುತ್ತದೆ. ನಿಮಗೆ ರವೆಯ ಹಾಗೆ ಕಂಡದ್ದು ಅದೇ. ಹೊಟ್ಟೆ ತುಂಬಿದ ಮೇಲೆ, ಹೆಚ್ಚಾಗಿ ಕತ್ತಲಲ್ಲಿ, ಮೀನನ್ನು ಬಿಟ್ಟು ಕೆಳಗೆ ಬೀಳುತ್ತದೆ. ನೀವು ಬೆಳಿಗ್ಗೆ ಎದ್ದು ನೋಡಿದಾಗ ಚುಕ್ಕೆ ಮಾಯವಾಗಿತ್ತಲ್ಲ, ಅದು ಗುಣವಾದದ್ದಲ್ಲ. ಅವೆಲ್ಲ ಮರಳಿಗೆ ಇಳಿದಿದ್ದವು. ಕೆಳಗೆ ಬಿದ್ದದ್ದು ಕೆಲವು ಗಂಟೆ ತೆವಳಿ, ಕಲ್ಲಿಗೋ ಮರಳಿಗೋ ಗಾಜಿಗೋ ಅಂಟಿಕೊಂಡು ಸುತ್ತಲೂ ಗೂಡಿನಂಥ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಒಂದೇ ಕೋಶದಿಂದ 200ರವರೆಗೂ ಮರಿಗಳು ಹೊರಗೆ ಬರಬಹುದು. ಎರಡನೇ ಸಲ ನಾಲ್ಕೂ ಮೀನಿಗೆ ಮೈತುಂಬಾ ಆದದ್ದು ಹೀಗೆ.

ಹೊರಬಂದ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಇಲ್ಲದಿದ್ದರೆ ಉಪವಾಸ ಸಾಯುತ್ತದೆ. ಸೀಗಡಿ, ಏಡಿ, ಬಸವನಹುಳು ಅದಕ್ಕೆ ಆಹಾರವಲ್ಲ. ಹಾಗಾದರೆ ಮೂರು ದಿನ ಸಾಕಲ್ವಾ ಅಂದರೆ, ಸಾಲದು. ಎಲ್ಲಾ ಕೋಶಗಳೂ ಒಂದೇ ದಿನ ಒಡೆಯುವುದಿಲ್ಲ. ಹೆಚ್ಚಿನವು 3ರಿಂದ 28 ದಿನದಲ್ಲಿ ಒಡೆಯುತ್ತವೆ. ಕೆಲವು ಮಾತ್ರ ಸುಮ್ನೆ ಕೂತಿರುತ್ತವೆ. 72 ದಿನ ಆದಮೇಲೂ ಒಡೆದದ್ದು ಪ್ರಯೋಗಾಲಯದಲ್ಲಿ ಕಂಡಿದೆ. ಅದರ ಮೇಲೆ ನಾಲ್ಕು ದಿನ ಸೇರಿಸಿದರೆ 76. ಬೆಚ್ಚಗಿನ ನೀರಿನಲ್ಲಿ ಇನ್ನೂ ಬೇಗ ಮುಗಿಯುತ್ತದೆ ಅಂತ 45 ದಿನಕ್ಕೇ ನಿಲ್ಲಿಸುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಆರು ವರ್ಷದ ಹಿಂದೆ ಧಾರವಾಡದ ನಮ್ಮ ಮನೆಯಲ್ಲಿ 40ನೇ ದಿನಕ್ಕೆ, ನೀರು ಅಷ್ಟು ತಿಳಿಯಾಗಿದೆ, ಏನೂ ಕಾಣುತ್ತಿಲ್ಲ ಅಂತ ಒಂದೇ ಒಂದು ಮೀನು ಬಿಟ್ಟೆ. ಒಂಬತ್ತನೇ ದಿನ ಅದರ ಎದೆಯ ರೆಕ್ಕೆಯ ಅಂಚಿನಲ್ಲಿ ಮೂರು ಚುಕ್ಕೆ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿದಾಗ ಮಾತ್ರ ಕಂಡವು. ಆ ಮೀನೂ ಉಳಿಯಲಿಲ್ಲ, ನನ್ನ ಲೆಕ್ಕವೂ ಮತ್ತೆ ಒಂದರಿಂದ ಶುರುವಾಯಿತು. ಅದಕ್ಕೇ ಹೇಳುತ್ತಿದ್ದೇನೆ, ಅಗ್ಗದ ಡ್ಯಾಮ್ಸೆಲ್ ಬಿಟ್ಟು ನೋಡುವುದು ಬೇಡ. ಹಸಿದು ಕೂತ ರೋಗಕ್ಕೆ ನೀವೇ ಊಟ ಬಡಿಸಿದ ಹಾಗೆ ಆಗುತ್ತದೆ. ಎಷ್ಟೇ ಅಗ್ಗದ್ದಾದರೂ ಅದೂ ಒಂದು ಜೀವ.

ಎಲ್ಲಾ ತೊಳೆದು ಒಣಗಿಸಿದರೆ ಪರೋಪಜೀವಿ ಸಾಯುತ್ತದೆ, ನಿಜ. ಆದರೆ ಹೊಲಸಿನಿಂದ ಬರುವ ವಿಷಕಾರಿ ಅಮೋನಿಯಾವನ್ನು ತಿಂದು ನೀರನ್ನು ಕಾಪಾಡುವ, ಕಲ್ಲಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತದೆ. ಅದನ್ನು ಮತ್ತೆ ಬೆಳೆಸಲು ಒಂದೂವರೆ ತಿಂಗಳು ಬೇಕು, ಅಷ್ಟು ದಿನ ಸೀಗಡಿ ಏಡಿಗಳನ್ನು ಎಲ್ಲಿ ಇಡುತ್ತೀರಿ? ಇನ್ನೊಂದು ಮಾತು, ಇದು ಮೀನಿನ ಬಗ್ಗೆ ಅಲ್ಲ, ನಿಮ್ಮ ಬಗ್ಗೆ: ಟ್ಯಾಂಕಿನ ಕಲ್ಲನ್ನು ಯಾವತ್ತೂ ಒಲೆಯ ಮೇಲೆ ಕುದಿಸಬೇಡಿ. ಕಲ್ಲಿಗೆ ಅಂಟಿಕೊಂಡು ಬೆಳೆಯುವ ಕೆಲವು ಜೀವಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಾರೀ ವಿಷ ಇರುತ್ತದೆ. ಕುದಿಸಿದಾಗ ಹಬೆಯ ಜೊತೆ ಉಸಿರಿಗೆ ಹೋಗಿ ಮನೆಮಂದಿಯೆಲ್ಲಾ ಆಸ್ಪತ್ರೆ ಸೇರಿದ ಘಟನೆಗಳು ಬೇರೆ ದೇಶಗಳಲ್ಲಿ ನಡೆದಿವೆ.

ಕಾರವಾರದ ನೀರು ಈಗ ಬೇಡವೇ ಬೇಡ. ಸಮುದ್ರದ ನೀರಿನಲ್ಲಿ ಸಮುದ್ರದ ರೋಗವೂ ಬರಬಹುದು, 50ನೇ ದಿನ ಒಂದು ಕ್ಯಾನ್ ಸುರಿದರೆ ಅಷ್ಟೂ ದಿನ ಕಾದದ್ದು ವ್ಯರ್ಥ. ಅದೂ ಅಲ್ಲದೆ ಮಳೆಗಾಲದಲ್ಲಿ ಕಾಳಿ ನದಿ ತುಂಬಿ ಬಂದು ದಂಡೆಯ ನೀರಿನ ಉಪ್ಪು ಇಳಿದಿರುತ್ತದೆ. ಆರ್‌ಒ ನೀರಿಗೆ ಸಮುದ್ರದ ಟ್ಯಾಂಕಿಗೆಂದೇ ಸಿಗುವ ಮರೈನ್ ಉಪ್ಪು ಬೆರೆಸಿ, ಉಪ್ಪಿನ ಮಟ್ಟ ಅಳೆಯುವ ಹೈಡ್ರೋಮೀಟರ್‌ನಲ್ಲಿ 1.025 ಇಟ್ಟುಕೊಳ್ಳಿ. ಆವಿಯಾಗಿ ಕಡಿಮೆಯಾದಷ್ಟಕ್ಕೆ ಬರೀ ಆರ್‌ಒ ನೀರು ಹಾಕಬೇಕು, ಉಪ್ಪು ನೀರಲ್ಲ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ನೇರ ಸುರಿಯಬೇಡಿ.

ಮೀನಿಲ್ಲ ಅಂತ ಟ್ಯಾಂಕನ್ನು ಆಫ್ ಮಾಡಿ ಬಿಡುವವರು ಬಹಳ ಜನ, ಅದು ತಪ್ಪು. ಪಂಪ್ ನಡೆಯಲಿ. ಹೀಟರ್ 26-27 ಡಿಗ್ರಿಯಲ್ಲಿ ಇರಲಿ, ಯಾಕೆಂದರೆ ತಣ್ಣಗಾದರೆ ಕೋಶಗಳು ಒಡೆಯುವುದೂ ನಿಧಾನ, ದೀಪಾವಳಿ ಹೊತ್ತಿಗೆ ನಮ್ಮ ಕಡೆ ರಾತ್ರಿ ಚಳಿ ಶುರುವಾಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಒಂದು ಚಿಟಿಕೆ ಆಹಾರ ಹಾಕಿ. ಸೀಗಡಿ ಏಡಿಗಳಿಗೆ ಊಟ ಆಗುತ್ತದೆ, ಉಳಿದದ್ದು ಕೊಳೆತು ಬರುವ ಅಮೋನಿಯಾದಿಂದ ಬ್ಯಾಕ್ಟೀರಿಯಾ ಜೀವಂತ ಇರುತ್ತದೆ. ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪ್ ಹಾಕಿ, ಸೀಗಡಿಗೂ ಉಸಿರು ಬೇಕು.

ಬೇರೆ ಟ್ಯಾಂಕಿನ ಒದ್ದೆ ವಸ್ತು ಯಾವುದೂ ಇದರೊಳಗೆ ಹೋಗಬಾರದು. ಬಲೆ, ಸೈಫನ್ ಪೈಪು, ಗೆಳೆಯ ಪ್ರೀತಿಯಿಂದ ಕೊಡುವ ಇನ್ನೊಂದು ಬಸವನಹುಳು, ಯಾವುದೂ. ಆ ಹುಳುವಿಗೆ ರೋಗ ಬರುವುದಿಲ್ಲ, ಆದರೆ ಅದರ ಚಿಪ್ಪಿನ ಮೇಲೆ ಕೋಶ ಅಂಟಿಕೊಂಡು ಬರಬಹುದು. ಅಂಗಡಿಗೆ ಹೋಗಿ ಅಲ್ಲಿನ ನೀರಿನಲ್ಲಿ ಕೈ ಆಡಿಸಿ ಬಂದಿದ್ದರೆ ಮೊಣಕೈವರೆಗೆ ತೊಳೆದು ಒರೆಸಿಕೊಳ್ಳಿ.

ಈ ದಿನಗಳಲ್ಲಿ ಒಂದು ರಾತ್ರಿ ಲೈಟ್ ಆರಿಸಿ ಗಂಟೆ ಬಿಟ್ಟು, ಮಗನನ್ನು ಕೂರಿಸಿಕೊಂಡು ಗಾಜಿಗೆ ಟಾರ್ಚ್ ಹಿಡಿಯಿರಿ. ಸಾಸಿವೆಗಿಂತ ಸಣ್ಣ ಬಿಳಿ ಜೀವಿಗಳು ಗಾಜಿನ ಮೇಲೆ ತಟಕ್ ತಟಕ್ ಅಂತ ಜಿಗಿಯುತ್ತಾ ಓಡುವುದು ಕಾಣುತ್ತದೆ. ಅವು ಕೋಪೆಪಾಡ್‌ಗಳು. ರೋಗ ಅಲ್ಲ, ಗಾಬರಿ ಬೇಡ. ತಿನ್ನುವ ಮೀನು ಇಲ್ಲದ ಕಾರಣ ಎರಡೇ ತಿಂಗಳಲ್ಲಿ ಅವು ಎಷ್ಟು ಹೆಚ್ಚುತ್ತವೆ ಎಂದರೆ, ನನಗಂತೂ ಆ ಟ್ಯಾಂಕನ್ನು ಖಾಲಿ ಅಂತ ಕರೆಯಲು ಮನಸ್ಸೇ ಬರುವುದಿಲ್ಲ.

ಈಗ ಮಗನ ವಿಷಯ. ಲೆಕ್ಕ ಕೊನೆಯ ಮೀನು ಸತ್ತ ದಿನದಿಂದ, ಅಂದರೆ ಚೌತಿಯ ಮಾರನೇ ದಿನದಿಂದ. ಶೀಗಿ ಹುಣ್ಣಿಮೆಗೆ ಬರೀ 40 ದಿನ ಆಗಿರುತ್ತದೆ. ದೀಪಾವಳಿ ಪಾಡ್ಯಕ್ಕೂ ಎರಡು ತಿಂಗಳು ತುಂಬಿರುವುದಿಲ್ಲ. ಗೌರಿ ಹುಣ್ಣಿಮೆ ದಾಟಿ ಐದಾರು ದಿನ ಆಗಬೇಕು. ಆದರೂ ಹುಡುಗನಿಗೆ ಹಬ್ಬಕ್ಕೆ ಮೀನು ತೋರಿಸಬಹುದು. ಬೇರೆ ಕೋಣೆಯಲ್ಲಿ 60 ಲೀಟರಿನ ಒಂದು ಪ್ಲಾಸ್ಟಿಕ್ ಟಬ್ ಇಡಿ. ಮರಳು ಬೇಡ, ಕಲ್ಲು ಬೇಡ. ಬ್ಯಾಕ್ಟೀರಿಯಾ ಬೆಳೆದ ಸ್ಪಂಜ್ ಫಿಲ್ಟರ್, ಒಂದು ಹೀಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು ಇದ್ದರೆ ಆಯಿತು. ಆ ಸ್ಪಂಜನ್ನು ಈಗಿನಿಂದಲೇ ಟಬ್ಬಿನಲ್ಲಿ ಬೇರೆಯಾಗಿ ತಯಾರು ಮಾಡಿ, ದೊಡ್ಡ ಟ್ಯಾಂಕಿನಿಂದ ಎತ್ತಿ ಹಾಕಬೇಡಿ, ಅಲ್ಲಿ ಕೋಶ ಇದೆ. ದೀಪಾವಳಿಗೆ ಎರಡು ಕ್ಲೌನ್ ತಂದು ಅದರಲ್ಲಿ ಬಿಡಿ. ತಾಮ್ರದ ಔಷಧಿ ಹಾಕುವುದು ಅಲ್ಲಿ, ಬಾಟಲಿಯಲ್ಲಿ ಹೇಳಿದ ಮಟ್ಟಕ್ಕೆ, ಟೆಸ್ಟ್ ಕಿಟ್‌ನಿಂದ ಅಳೆದು, 30 ದಿನ ಒಂದೇ ಸಮ. ಕಲ್ಲು ಮರಳು ತಾಮ್ರವನ್ನು ಹೀರಿಕೊಳ್ಳುತ್ತವೆ, ಸೀಗಡಿ ಬಸವನಹುಳು ತಾಮ್ರಕ್ಕೆ ಸಾಯುತ್ತವೆ, ಅದಕ್ಕೇ ದೊಡ್ಡ ಟ್ಯಾಂಕಿಗೆ ಅದು ವಿಷ. ಛಟ್ಟಿ ಅಮಾವಾಸ್ಯೆ ಹೊತ್ತಿಗೆ ಟಬ್ಬಿನ ಕೆಲಸವೂ ಮುಗಿದಿರುತ್ತದೆ, ಟ್ಯಾಂಕಿನ ದಿನವೂ ದಾಟಿರುತ್ತದೆ. ಟಬ್ಬಿನ ನೀರು ಒಂದು ಹನಿಯೂ ಒಳಗೆ ಹೋಗದಂತೆ ಮೀನನ್ನಷ್ಟೇ ಎತ್ತಿ ಬಿಡಿ.

ಪ್ರಶ್ನೆ: ಗದಗದಲ್ಲಿ ತಾಮ್ರದ ಟೆಸ್ಟ್ ಕಿಟ್ ಸಿಗುತ್ತಿಲ್ಲ. ಅಂದಾಜಿನಲ್ಲಿ ಹಾಕಬಹುದೇ? (ಬೆಟಗೇರಿಯ ಓದುಗರು)

ಉತ್ತರ: ಬೇಡ. ಕಡಿಮೆಯಾದರೆ ರೋಗ ಉಳಿಯುತ್ತದೆ, ಜಾಸ್ತಿಯಾದರೆ ಮೀನು ಹೋಗುತ್ತದೆ. ಔಷಧಿಯೇ ಇಲ್ಲದ ದಾರಿ ಇದೆ. ಎರಡು ಟಬ್ ಇಟ್ಟುಕೊಳ್ಳಿ. ಮೀನನ್ನು 72 ಗಂಟೆಗೊಮ್ಮೆ, ತಡ ಮಾಡದೆ, ಒಂದರಿಂದ ಇನ್ನೊಂದಕ್ಕೆ ಹೊಸ ಉಪ್ಪುನೀರಿಗೆ ಸಾಗಿಸಿ. ಹೀಗೆ ನಾಲ್ಕು ಸಲ. ಮೈಯಿಂದ ಉದುರಿದ್ದು ಕೋಶ ಕಟ್ಟಿ ಒಡೆಯುವ ಮೊದಲೇ ಮೀನು ಅಲ್ಲಿಂದ ಹೊರಟಿರುತ್ತದೆ, ಅಷ್ಟೇ ಇದರ ಗುಟ್ಟು. ಬಿಟ್ಟ ಟಬ್, ಪೈಪು, ಏರ್ ಸ್ಟೋನ್ ಎಲ್ಲವನ್ನೂ ತೊಳೆದು ಬಿಸಿಲಲ್ಲಿ ಕಾಟನ್ ಬಟ್ಟೆಯ ಹಾಗೆ ಪೂರ್ತಿ ಒಣಗಿಸಿ. ಹೊಸ ನೀರಿನ ಉಪ್ಪು, ಬಿಸಿ ಹಳೆಯದಕ್ಕೆ ಸಮ ಇರಲಿ. ಆದರೆ ಇದು ಬಿಳಿಚುಕ್ಕೆಗೆ ಮಾತ್ರ. ಮೈಮೇಲೆ ರವೆಯ ಬದಲು ಅರಿಶಿನ ಪುಡಿ ಹಚ್ಚಿದ ಹಾಗೆ ತೀರ ಸಣ್ಣ ಹೊಂಬಣ್ಣದ ಧೂಳು ಕಂಡು, ಮೀನು ಉಸಿರಿಗೆ ಒದ್ದಾಡುತ್ತಿದ್ದರೆ ಅದು ವೆಲ್ವೆಟ್ ರೋಗ, ಎರಡು ಮೂರು ದಿನದಲ್ಲೇ ಮುಗಿಸಿಬಿಡುತ್ತದೆ. ಅದಕ್ಕೆ ತಾಮ್ರ ಬೇಕು, ಆಗ ಕಿಟ್ ಧಾರವಾಡದಿಂದಲೋ ಬೆಂಗಳೂರಿನಿಂದಲೋ ಬರುವವರೆಗೆ ಕಾಯಲು ಸಮಯ ಇರುವುದಿಲ್ಲ. ಮೀನು ತರಿಸುವ ಮೊದಲೇ ಕಿಟ್ ತರಿಸಿ ಮನೆಯಲ್ಲಿ ಇಟ್ಟುಕೊಳ್ಳಿ.

ಪ್ರಶ್ನೆ: ನಮ್ಮ ಗೋಲ್ಡ್ ಫಿಶ್‌ಗೆ ಬಿಳಿಚುಕ್ಕೆ ಬಂದಾಗ ನೀರನ್ನು 30 ಡಿಗ್ರಿಗೆ ಏರಿಸಿ, ಸ್ವಲ್ಪ ಉಪ್ಪು ಹಾಕಿ ಹತ್ತು ಹನ್ನೆರಡು ದಿನದಲ್ಲಿ ಗುಣ ಮಾಡಿದೆ. ಸಮುದ್ರದ ಮೀನಿಗೇಕೆ ಇಷ್ಟು ಕಷ್ಟ? (ರಾಣೇಬೆನ್ನೂರಿನ ಓದುಗರು)

ಉತ್ತರ: ನೀವು ಮಾಡಿದ್ದು ಸರಿ. ಆದರೆ ಅದು ಬೇರೆ ಜೀವಿ, ಹೆಸರು ಇಕ್ತಿಯೋಫ್ತಿರಿಯಸ್. ಸಿಹಿನೀರಿನದು. ನೋಡಲು ಚುಕ್ಕೆ ಒಂದೇ ತರ, ಬದುಕುವ ರೀತಿಯೂ ಹತ್ತಿರ ಹತ್ತಿರ, ಸಂಬಂಧ ಮಾತ್ರ ದೂರದ್ದು. ಅದಕ್ಕೆ ಉಪ್ಪು ಆಗುವುದಿಲ್ಲ, ಸಮುದ್ರದ್ದಕ್ಕೆ ಉಪ್ಪುನೀರೇ ಮನೆ. ಬಿಸಿ ಏರಿಸಿದರೂ ಸಮುದ್ರದ್ದು ಸಾಯುವುದಿಲ್ಲ, ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಕಿವಿರು ಹಾಳಾದ ಮೀನಿಗೇ ಕಷ್ಟ ಹೆಚ್ಚು. ನಿಮ್ಮ ಗೋಲ್ಡ್ ಫಿಶ್ ಟ್ಯಾಂಕಿನ ಬಲೆಯನ್ನು ಮಾತ್ರ ಚೆನ್ನಾಗಿ ಒಣಗಿಸಿದ ಮೇಲೆಯೇ ಇನ್ನೊಂದು ಟ್ಯಾಂಕಿಗೆ ಬಳಸಿ.